ಎಡ ಅಂಚಿನ ತಂತಿ

ನಮ್ಮ ಭಾವನಿಗೆ ಸ್ಟುಡಿಯೋದಲ್ಲಿ 'ಕತ್ತರಿ' ಎಂದೇ ಹೆಸರು. ಮದುವೆ ಫೋಟೋಗಳನ್ನು ಕಂಪ್ಯೂಟರಿನಲ್ಲಿ ತಿದ್ದಿ ಆಲ್ಬಮ್ ಜೋಡಿಸುವುದು ಅವರ ಕೆಲಸ. ಪಕ್ಕದ ಕುರ್ಚಿ ನನ್ನದು. "ಮಧ್ಯ ಯಾರ್ ಬೇಕಾದ್ರೂ ನೋಡ್ತಾರೆ, ನೀನು ಅಂಚು ನೋಡು" ಎಂದು ದಿನಕ್ಕೆ ಹತ್ತು ಸಲ ಹೇಳಿ ನನ್ನ ತಲೆ ತಿನ್ನುತ್ತಿದ್ದರು. ವಧುವಿನ ಹಿಂದೆ ಆಕಳಿಸುವ ಚಿಕ್ಕಪ್ಪನಿಗೂ ಕುರ್ಚಿಯ ಕೆಳಗಿನ ನೀರಿನ ಬಾಟಲಿಗೂ ಅವರ ಕೈಯಲ್ಲಿ ಉಳಿಗಾಲವಿರಲಿಲ್ಲ.

ಭಾನುವಾರ ಬಂತೆಂದರೆ ಕ್ಯಾಮೆರಾ ಹೆಗಲಿಗೇರಿಸಿ ಕಾಡಿಗೆ ಹೊರಡುವರು. "ಆ ಜಿಂಕೆಗಳನ್ನೇ ಕಟ್ಕೋಬೇಕಿತ್ತು ನೀವು" ಎಂದು ಅಕ್ಕ ಗೊಣಗುತ್ತಿದ್ದಳು. ಒಂದು ಭಾನುವಾರ, ಕೊಳದಲ್ಲಿ ನೀರು ಕುಡಿಯುವ ಹರಿದ ಕಿವಿಯ ಜಿಂಕೆ, ಅದರ ಹೊಟ್ಟೆಗೆ ಒರಗಿ ನಿಂತ ಮರಿ ಕ್ಯಾಮೆರಾಗೆ ಸಿಕ್ಕವು. ಮರುದಿನ ಚಿತ್ರ ತೆರೆದರೆ ಎಡ ಅಂಚಿನ ಪೊದೆಯಿಂದ ಒಂದು ತಂತಿ ಇಣುಕುತ್ತಿತ್ತು.

"ಹಳೇ ಬೇಲಿ ಇರ್ಬೇಕು, ದರಿದ್ರದ್ದು" ಎಂದು ಭಾವ ಅಷ್ಟು ಭಾಗ ಕತ್ತರಿಸಿ ಎಸೆದರು. ತಾಯಿ, ಮರಿ ಚೌಕಟ್ಟಿನೊಳಗೆ ಚೆನ್ನಾಗಿ ಕೂತವು. ನಾನು ಪಕ್ಕದಲ್ಲೇ ಕೂತು ಭೇಷ್ ಎಂದೆ. ಆ ಪಾಪದಲ್ಲಿ ನನಗೂ ಪಾಲಿದೆ.

ಚಿತ್ರಕ್ಕೆ ಸ್ಪರ್ಧೆಯೊಂದರಲ್ಲಿ ಮೊದಲ ಬಹುಮಾನ ಬಂತು. ತಮ್ಮ ಕಚೇರಿಯ ಗೋಡೆಗೆ ದೊಡ್ಡ ಪ್ರಿಂಟ್ ಬೇಕೆಂದು ರೇಂಜರ್ ಮೇಡಂ ಸ್ಟುಡಿಯೋಗೇ ಬಂದರು. ನೋಡುತ್ತಾ ನಿಟ್ಟುಸಿರಿಟ್ಟರು.

"ಈ ತಾಯಿ ಈಗಿಲ್ಲ ಸಾರ್. ನೀವು ಫೋಟೋ ತೆಗೆದ ವಾರದಲ್ಲೇ ಉರುಳಿಗೆ ಸಿಕ್ಕಿ ಸತ್ತೋಯ್ತು. ಇದೇ ಕೊಳದ ಹತ್ರ, ಕಳ್ಳಬೇಟೆಯವರು ಪೊದೆಗೆ ತಂತಿ ಕಟ್ಟಿದ್ರು. ಹರಿದ ಕಿವಿ ನೋಡಿ ಗುರುತು ಹಿಡಿದ್ವಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಭಾವ ಮೌಸಿನಿಂದ ಕೈ ತೆಗೆದುಬಿಟ್ಟರು.

"ಮರಿ?" ಎಂದರು.

"ಎರಡು ದಿನ ತಾಯಿ ಪಕ್ಕದಲ್ಲೇ ನಿಂತಿತ್ತಂತೆ. ಆಮೇಲೆ ಯಾರಿಗೂ ಕಾಣಿಸ್ಲಿಲ್ಲ."

ಮೇಡಂ ಹೋದ ಮೇಲೆ ನಾನು ಬುದ್ಧಿವಂತನಂತೆ, "ಬೇಲಿ ಅಂದ್ಕೊಂಡ್ರಿ, ನಿಮ್ಗೇನು ಗೊತ್ತಿತ್ತು ಭಾವ? ಯಾರೂ ಕೇಳಿಲ್ಲ, ಸುಮ್ನಿದ್ದುಬಿಡಿ" ಎಂದೆ. ಹೇಳಿದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

"ನಡು ಕಾಡಲ್ಲಿ ಬೇಲಿ ಎಲ್ಲಿಂದ ಬರುತ್ತೋ?" ಎಂದರು ಭಾವ. "ಒಂದು ಫೋನ್ ಮಾಡಿದ್ರೆ ಅದು ಬದುಕ್ತಿತ್ತು."

ನಾಲ್ಕು ದಿನ ಅವರು ಮೇಡಂ ಕೇಳಿದ ಪ್ರಿಂಟ್ ಹಾಕಿಸಲೇ ಇಲ್ಲ. ಐದನೆಯ ದಿನ ಕತ್ತರಿಸದ ಚಿತ್ರವನ್ನು ಪ್ರಿಂಟ್ ಹಾಕಿಸಿ, ನನ್ನನ್ನೂ ಕರೆದುಕೊಂಡು ರೇಂಜರ್ ಕಚೇರಿಗೆ ಹೋದರು. ಮೇಡಂ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ತಂತಿ ಇಷ್ಟು ಚೆನ್ನಾಗಿ ಕಾಣ್ತಿದೆ. ಅವತ್ತು ನಿಮ್ಮ ಕಣ್ಣಿಗೆ ಬೀಳ್ಲಿಲ್ವಾ?"

ಇಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮೇಡಂ ನಂಬಲು ಸಿದ್ಧರಿದ್ದರು.

"ಬಿತ್ತು ಮೇಡಂ" ಎಂದರು ಭಾವ. "ಚಿತ್ರ ಕೆಡಿಸುತ್ತೆ ಅಂತ ತೆಗೆದುಹಾಕಿದೆ."