ಚನ್ನಾಜಮ್ಮ ಹೊರಟ ಮಂಗಳವಾರ

ನನ್ನ ದೊಡ್ಡಮ್ಮ ಚನ್ನಾಜಮ್ಮನಿಗೆ ಕೂತಲ್ಲೇ ನಿದ್ದೆ ಬರುತ್ತದೆ. ಅವರೆಕಾಯಿ ಸುಲಿಯುತ್ತಾ ಕೂತರೆ ಬೆರಳು ಓಡುತ್ತಲೇ ಇರುತ್ತದೆ, ಕಣ್ಣು ಮುಚ್ಚಿರುತ್ತದೆ. ಮದುವೆ ಮನೆಯಲ್ಲಿ ಕಂಬಕ್ಕೆ ಒರಗಿ, ಮಾಗಡಿ ರೋಡಿನ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತೇ ನಿದ್ದೆ ಮಾಡುತ್ತಾಳೆ. ಹಾಸಿಗೆಯ ಮೇಲೆ ಮಾತ್ರ ಬರುವುದಿಲ್ಲ. ಹಾಸಿಗೆಯಲ್ಲಿದ್ದಾಗ ಅವಳ ಒಂದು ಕಿವಿ ಪಕ್ಕದ ಕೋಣೆಯಲ್ಲಿರುತ್ತದೆ.

ಆ ಕೋಣೆಯಲ್ಲಿ ಅವಳ ಅತ್ತೆ ಅಕ್ಕಯ್ಯಮ್ಮ ಇದ್ದಾರೆ. ಸೊಂಟದ ಮೂಳೆ ಮುರಿದು ಕೂಡಿದ ಮೇಲೆ ಅವರು ಹಗಲು ಕೋಲು ಹಿಡಿದು ಓಡಾಡುತ್ತಾರೆ. ರಾತ್ರಿ ಮಾತ್ರ ಒಬ್ಬರೇ ಏಳುವ ಧೈರ್ಯವಿಲ್ಲ. ತಲೆದೆಸೆಯಲ್ಲಿಟ್ಟ ಸ್ಟೀಲ್ ಲೋಟಕ್ಕೆ ಚಮಚದಿಂದ ತಟ್ಟುತ್ತಾರೆ. ಬಚ್ಚಲಿಗೆ ಹೋಗಬೇಕೆಂದು, ನೀರು ಬೇಕೆಂದು, ಕಾಲು ಸೆಳೆಯುತ್ತಿದೆಯೆಂದು. ಕೆಲವು ಸಲ ಏನೂ ಬೇಕಿರುವುದಿಲ್ಲ. "ಇದೀಯಾ?" ಎಂದು ಕೇಳುತ್ತಾರೆ. "ಇದೀನಿ ಅತ್ತೆ," ಎಂದು ದೊಡ್ಡಮ್ಮ ಹೊದಿಕೆ ಸರಿ ಮಾಡಿ ಬರುತ್ತಾಳೆ.

ದೊಡ್ಡಮ್ಮ ಕುಣಿಗಲ್ ಕಡೆಯಿಂದ ಬ್ಯಾಡರಹಳ್ಳಿಗೆ ಸೊಸೆಯಾಗಿ ಬಂದಾಗ ಮನೆಯ ಮುಂದೆ ರಾಗಿ ಹೊಲವಿತ್ತು. ಅವಳು ಅಲ್ಲಿ ಕಳೆ ಕಿತ್ತಿದ್ದಾಳೆ. ಹೊಲ ಸೈಟುಗಳಾಗಿ ಹೋದ ಮೇಲೆ ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸ್ ಒಂದರಲ್ಲಿ ಅಂಗಿಗಳ ದಾರ ಕತ್ತರಿಸುವ ಕೆಲಸಕ್ಕೆ ಹೋದಳು. ಅತ್ತೆ ಬಿದ್ದ ವರ್ಷ ಅದನ್ನೂ ಬಿಟ್ಟಳು. ನನ್ನ ದೊಡ್ಡಪ್ಪ ವೆಂಕಟೇಶ್ ಒಳ್ಳೆಯವರೇ. ಅವರದು ಮೋಟಾರು ರಿವೈಂಡಿಂಗ್ ಅಂಗಡಿ. ದಿನವೆಲ್ಲ ಅದರ ಸದ್ದು ಕೇಳಿ ಕೇಳಿ ಅವರಿಗೆ ಲೋಟದ ಸದ್ದು ಕೇಳುವುದಿಲ್ಲ.

ನಾನು ವಿಜಯನಗರದಲ್ಲಿ ಪಿಜಿಯಲ್ಲಿದ್ದೇನೆ. ಭಾನುವಾರ ಅವಳ ಮನೆಗೆ ಊಟಕ್ಕೆ ಹೋಗುತ್ತೇನೆ. ಒಮ್ಮೆ, ನನ್ನ ಹೊಸ ಸಂಬಳದ ಉತ್ಸಾಹದಲ್ಲಿ, "ಏನು ಬೇಕು ದೊಡ್ಡಮ್ಮ ನಿಂಗೆ?" ಎಂದು ಕೇಳಿದ್ದೆ. ಸೀರೆ ಎನ್ನುತ್ತಾಳೆ ಎಂದುಕೊಂಡಿದ್ದೆ.

"ಯಾರೂ ಎಬ್ಬಿಸ್ದೆ ಒಂದು ನಿದ್ದೆ ಕಣೇ ಅನು," ಎಂದಳು.

ಈ ವರ್ಷ ನಮ್ಮ ಆಫೀಸಿನವರು ನನಗೊಂದು ಹಡಗಿನ ಪ್ರವಾಸ ಕೊಟ್ಟರು. ಇಬ್ಬರು ಹೋಗಬಹುದು. ಕೊಚ್ಚಿಯಲ್ಲಿ ಹತ್ತಿ, ಲಕ್ಷದ್ವೀಪದ ಕಡೆ ಹೋಗಿ, ತಿರುಗಿ ಕೊಚ್ಚಿಗೇ ಬರುವುದು. ಅಮ್ಮನಿಗೆ ಕುಣಿಗಲ್ ಬಸ್ಸಿನಲ್ಲೇ ವಾಂತಿ. "ನನ್ನ ಬಿಡು, ಅಕ್ಕನ್ನ ಕರ್ಕೊಂಡು ಹೋಗು," ಎಂದಳು. ಹೇಳಲು ಹೋದಾಗ ದೊಡ್ಡಮ್ಮ ದಂಟಿನ ಸೊಪ್ಪು ಬಿಡಿಸುತ್ತಿದ್ದಳು.

"ಹಡಗು ಬುಧವಾರ ಅಂತೀಯ. ಮಂಗಳವಾರಾನೇ ಹೋಗಿ ಏನ್ ಮಾಡೋದು?"

"ವಿಮಾನ ಲೇಟಾದ್ರೆ ಹಡಗು ಕಾಯಲ್ಲ ದೊಡ್ಡಮ್ಮ. ಅದಕ್ಕೇ ಹಿಂದಿನ ದಿನ ಹೋಗಿರ್ಬೇಕು."

"ಹೋಗಿ?"

"ಹೋಟೆಲ್ ರೂಮಲ್ಲಿ ಇರೋದು."

"ಇದ್ದು?"

"ಸುಮ್ನೆ ಇರೋದು."

ಅವಳ ಕೈ ನಿಂತಿತು. "ಇಡೀ ದಿನಾನಾ?"

ಹಡಗಿನ ಬಗ್ಗೆ ಅವಳು ಆಮೇಲೂ ಏನನ್ನೂ ಕೇಳಲಿಲ್ಲ. ಕೇಳುತ್ತಿದ್ದುದೆಲ್ಲ ಆ ಹಿಂದಿನ ದಿನದ ಬಗ್ಗೆ. ಮಂಚ ಇರುತ್ತಾ, ಬಾಗಿಲಿಗೆ ಒಳಗಡೆಯಿಂದ ಚಿಲಕ ಇರುತ್ತಾ, ಕಾಫಿ ಯಾರು ಮಾಡ್ತಾರೆ. ಅವರೇ ತಂದುಕೊಡುತ್ತಾರೆ ಎಂದರೆ ನಂಬದವಳ ಹಾಗೆ ನಗುತ್ತಿದ್ದಳು.

ಅಕ್ಕಯ್ಯಮ್ಮಜ್ಜಿ ಕೆಲವು ದಿನ ಏನೂ ಹೇಳಲಿಲ್ಲ. ಬೇಡ ಎನ್ನುವ ಜಾಯಮಾನ ಅವರದಲ್ಲ. ಒಂದು ಭಾನುವಾರ ಮುದ್ದೆ ಮುರಿಯುತ್ತಾ ಕೇಳಿದರು.

"ಯಾವ ವಾರ ಅಂದೆ ಹೊರಡೋದು?"

"ಮಂಗಳವಾರ, ಅಜ್ಜಿ."

"ಮಂಗಳವಾರ ಮನೆ ಹೆಣ್ಣುಮಗಳು ಹೊಸ್ತಿಲು ದಾಟೋದಾ? ನಮ್ಮ ಮನೇಲಿ ಕೋಳೀನೂ ದಾಟಿಲ್ಲ."

"ಕೋಳಿಗೆ ಯಾರಮ್ಮ ಟಿಕೆಟ್ ಕೊಡ್ತಾರೆ," ಎಂದರು ದೊಡ್ಡಪ್ಪ.

"ನೀನು ಸುಮ್ನೆ ಉಣ್ಣು."

ದೊಡ್ಡಮ್ಮ ಸಾರು ಬಡಿಸುತ್ತಿದ್ದಳು, ಬಡಿಸುತ್ತಲೇ ಇದ್ದಳು. ಅವಳ ಮುಖ ನೋಡಿ ನನಗೆ ಧರ್ಮಸ್ಥಳದ ನೆನಪಾಯಿತು. ಒಮ್ಮೆ ಬೀದಿಯ ಹೆಂಗಸರ ಜೊತೆ ಬಸ್ಸು ಹತ್ತಿದವಳು ನೆಲಮಂಗಲದಲ್ಲಿ ಇಳಿದು ವಾಪಸು ಬಂದಿದ್ದಳು. ಅತ್ತೆಗೆ ಎದೆ ಹಿಡಿದಿದೆ ಎಂದು ಫೋನು ಬಂದಿತ್ತು. ನನ್ನ ಅಕ್ಕನ ಮದುವೆಯಲ್ಲಿ ಅಂಥದೇ ಫೋನು ಬಂದು ಧಾರೆಗೆ ಮುಂಚೆಯೇ ಎದ್ದು ಹೋಗಿದ್ದಳು. ಎರಡು ಸಲವೂ ಅವಳು ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ನೋವು ಇಳಿದಿತ್ತು. ಅಜ್ಜಿ ನಾಟಕ ಮಾಡುತ್ತಾರೆ ಎಂದು ಯಾರಾದರೂ ಅಂದರೆ ದೊಡ್ಡಮ್ಮ ಒಪ್ಪುತ್ತಿರಲಿಲ್ಲ. "ನೋವು ಹೆಂಗೋ ಏನೋ, ಭಯ ಮಾತ್ರ ನಿಜ," ಎನ್ನುತ್ತಿದ್ದಳು.

ಸಾರಿನ ಸೌಟು ಪಾತ್ರೆಯಲ್ಲಿಟ್ಟು ಅವಳು ಹೇಳಿದಳು. "ಸೋಮವಾರ ಒಳ್ಳೇದಲ್ವಾ ಅತ್ತೆ? ಪ್ರಸ್ಥಾನ ಇಟ್ಬಿಡ್ತೀನಿ."

ಅಜ್ಜಿ ಇನ್ನೊಂದು ತುತ್ತು ಮುದ್ದೆ ಮುರಿದರು.

ಹೊರಡುವ ದಿನ ಒಳ್ಳೆಯದಲ್ಲದಿದ್ದರೆ, ಅದಕ್ಕೆ ಮೊದಲು ಒಂದು ಒಳ್ಳೆಯ ದಿನ ನೋಡಿ ಪ್ರಯಾಣದ ಗಂಟನ್ನು ಬೇರೆಯವರ ಮನೆಯಲ್ಲಿ ಇಟ್ಟುಬರುತ್ತಾರೆ. ಅಲ್ಲಿಗೆ ಆ ಮನುಷ್ಯ ಹೊರಟಂತೆಯೇ ಲೆಕ್ಕ. ಗಂಟನ್ನು ಮತ್ತೆ ಮನೆಯೊಳಗೆ ತರುವ ಹಾಗಿಲ್ಲ, ಹೋಗುವ ದಿನ ಅಲ್ಲಿಂದಲೇ ಎತ್ತಿಕೊಂಡು ಹೋಗಬೇಕು. ಎತ್ತಿದ ಮೇಲೆ ತಿರುಗಿ ಮನೆ ಹೊಕ್ಕರೆ ಯಜಮಾನನಿಗೆ ಕೇಡು. ಇದನ್ನು ಹೊಸ ಸೊಸೆಗೆ ಹೇಳಿಕೊಟ್ಟವರು ಅಕ್ಕಯ್ಯಮ್ಮಜ್ಜಿಯೇ. ಅಜ್ಜ ಜಮೀನಿನ ಕೇಸಿಗೆ ಮಾಗಡಿ ಕೋರ್ಟಿಗೆ ಹೋಗುವಾಗ ಅವರ ಗಂಟು ಹಿಂದಿನ ದಿನವೇ ಪಕ್ಕದವರ ದನದ ಕೊಟ್ಟಿಗೆ ಸೇರುತ್ತಿತ್ತಂತೆ.

ಈಗ ಪಕ್ಕದಲ್ಲಿ ಕೊಟ್ಟಿಗೆಯಿಲ್ಲ. ಎದುರು ಮನೆಯಲ್ಲಿ ದಾವಣಗೆರೆ ಕಡೆಯ ಬಸವರಾಜೇಶ್ವರಿ ಆಂಟಿ ಇದ್ದಾರೆ. ಸೋಮವಾರ ನಾನು ರಜೆ ಹಾಕಿ ಹೋದೆ. ದೊಡ್ಡಮ್ಮ ಚೀಲದಲ್ಲಿ ಬಟ್ಟೆ, ಮಾತ್ರೆ, ಹುರಿಗಾಳು ತುಂಬಿ, ಮೇಲೆ ಒಂದು ಹಿಡಿ ಅಕ್ಕಿ, ಅರಿಶಿನದ ಕೊಂಬನ್ನು ಬಟ್ಟೆಯಲ್ಲಿ ಕಟ್ಟಿಟ್ಟು ರಸ್ತೆ ದಾಟಿದಳು.

"ದೇವರ ಮನಿ ಬಾಜು ಇಡ್ರಿ ಅಕ್ಕಾ," ಎಂದರು ಆಂಟಿ. "ನಿಮ್ಮ ಚೀಲಾನಾದ್ರೂ ನಮ್ಮನ್ಯಾಗ ಆರಾಮ ಮಲಗಲಿ. ನಿಮಗಂತೂ ಅದು ಬರದಿಲ್ಲ."

ದೊಡ್ಡಮ್ಮ ನಕ್ಕಳು. ಮನೆಗೆ ಬಂದು ಇಡೀ ವಾರಕ್ಕಾಗುವಷ್ಟು ಹುಣಸೆಗೊಜ್ಜು ಕುದಿಸಿದಳು. ಅಂದು ರಾತ್ರಿಯೂ ಲೋಟ ಕೂಗಿತು, ಅವಳು ಎದ್ದಳು.

ಮಂಗಳವಾರ ಬೆಳಿಗ್ಗೆ ಟ್ಯಾಕ್ಸಿ ಬಂತು. ಬ್ಯಾಡರಹಳ್ಳಿಯಿಂದ ವಿಮಾನ ನಿಲ್ದಾಣವೆಂದರೆ ಊರಿನ ಈ ತುದಿಯಿಂದ ಆ ತುದಿ. ಸುಂಕದಕಟ್ಟೆ ದಾಟುವಷ್ಟರಲ್ಲೇ ಅರ್ಧ ಬೆಳಗು ಮುಗಿದಿರುತ್ತದೆ. ಡ್ರೈವರು ಆಗಲೇ ಗಡಿಯಾರ ನೋಡುತ್ತಿದ್ದ. ದೊಡ್ಡಮ್ಮ ಅತ್ತೆಗೆ ಕಾಫಿ ಕೊಟ್ಟು, ಕಾಲು ಮುಟ್ಟಿ ನಮಸ್ಕರಿಸಿ, ಬರಿಗೈಯಲ್ಲಿ ಹೊರಗೆ ಬಂದಳು. ಎದುರು ಮನೆಗೆ ಹೋಗಿ ಚೀಲ ಎತ್ತಿಕೊಂಡಳು. ಅವರ ಗೇಟಿನ ಹೊರಗೆ ಕಾಲಿಡುವಾಗ ಈಚೆ ಮನೆಯಲ್ಲಿ ದೊಡ್ಡಪ್ಪ ಬಾಗಿಲಿಗೆ ಬಂದರು. ಬನಿಯನ್ನಿನಲ್ಲೇ ಇದ್ದರು.

"ಚನ್ನಾಜಿ, ಅಮ್ಮಂಗೆ ಎದೆ ಹಿಡ್ಕೊಂಡಂಗೆ ಆಗ್ತಿದೆಯಂತೆ. ಒಂದ್ನಿಮಿಷ ಬಂದು ನೋಡು."

ದೊಡ್ಡಮ್ಮ ರಸ್ತೆಯ ಮಧ್ಯ ನಿಂತಳು. ಹಾಲಿನ ಗಾಡಿಯೊಂದು ಅವಳನ್ನು ಬಳಸಿಕೊಂಡು ಹೋಯಿತು. ಅವಳ ಕಾಲು ಅರ್ಧ ಹೆಜ್ಜೆ ಮನೆಯ ಕಡೆ ತಿರುಗಿದ್ದನ್ನು ನಾನು ನೋಡಿದೆ. ಆಮೇಲೆ ಅವಳು ಹಿಂದೆ ಬಂದು ಆಂಟಿಯ ಮನೆಯ ಕಟ್ಟೆಯ ಮೇಲೆ ಕೂತಳು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು.

"ನಾನು ಬರೋ ಹಾಗಿಲ್ಲ," ಎಂದಳು. "ಎತ್ತಿಬಿಟ್ಟಿದೀನಿ."

"ಏನು ಎತ್ತಿಬಿಟ್ಟಿದೀಯ?"

"ಗಂಟು."

ದೊಡ್ಡಪ್ಪ ತಲೆ ಕೆರೆದುಕೊಂಡು ಒಳಗೆ ಹೋದರು. ಒಳಗಿನಿಂದ ಕೂಗಿದರು. "ಮಾತ್ರೆ ಎಲ್ಲೇ?"

"ಫ್ರಿಜ್ ಮೇಲೆ."

"ಯಾವ ಡಬ್ಬ?"

ದೊಡ್ಡಮ್ಮ ಕಣ್ಣು ಮುಚ್ಚಿದಳು. "ಬಿಳೀದು. ಮುಚ್ಚಳ ಒತ್ತಿ ತಿರುಗಿಸ್ಬೇಕು."

ಬಸವರಾಜೇಶ್ವರಿ ಆಂಟಿ ತಮ್ಮ ಬಿ.ಪಿ. ಯಂತ್ರ ಹಿಡಿದು ರಸ್ತೆ ದಾಟಿದರು. ಕಾಯುವುದಷ್ಟೇ ಉಳಿಯಿತು. ದೊಡ್ಡಮ್ಮನ ಕೈ ಚೀಲದ ಹಿಡಿಯನ್ನು ಬಿಗಿ ಮಾಡುತ್ತಾ ಸಡಿಲ ಮಾಡುತ್ತಾ ಇತ್ತು. "ಜಾಸ್ತಿ ಇದ್ರೆ ಹೋಗೋದು ಬೇಡ ಅನು," ಎಂದಳು ಮೆಲ್ಲಗೆ. ಆ ದನಿಯಲ್ಲಿ ಬೇಸರ ಇರಲಿಲ್ಲ. ಬೇಸರ ಪಡುವುದಕ್ಕೂ ಸುಸ್ತಾದವಳ ದನಿ ಅದು.

ಆಂಟಿ ಬಾಗಿಲಿಗೆ ಬಂದು, "ಎಲ್ಲಾ ಚಂದ ಐತ್ರಿ ಅಕ್ಕಾ, ನನ್ನಕಿಂತ ಚಲೋ ಐತಿ," ಎಂದರು. ಅವರ ಹಿಂದೆಯೇ ಕೋಲಿನ ಸದ್ದು. ಅಕ್ಕಯ್ಯಮ್ಮಜ್ಜಿ ತಾವೇ ಎದ್ದು ಹೊಸ್ತಿಲಿನವರೆಗೆ ಬಂದಿದ್ದರು. ಮುಖ ಬಿಳಿಚಿತ್ತು. ಒಂದು ಕೈ ಎದೆಯ ಮೇಲಿತ್ತು.

"ಒಳಗೆ ಬಾರೇ ಚನ್ನಿ. ಒಂದು ಗಳಿಗೆ ಪಕ್ಕದಲ್ಲಿ ಕೂತಿದ್ದು ಹೋಗು."

"ಬಂದ್ರೆ ಪ್ರಸ್ಥಾನ ಮುರಿಯುತ್ತೆ ಅತ್ತೆ."

"ಮುರೀಲಿ."

"ಮುರಿದ್ರೆ ಯಾರಿಗೆ ಅಂತ ನೀವೇ ಹೇಳಿದ್ರಲ್ಲ."

ಅಜ್ಜಿ ತಿರುಗಿ ಮಗನನ್ನು ನೋಡಿದರು. ದೊಡ್ಡಪ್ಪ ಮಾತ್ರೆಯ ಡಬ್ಬದ ಮುಚ್ಚಳದ ಜೊತೆ ಗುದ್ದಾಡುತ್ತಿದ್ದರು. ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿ, ಎದೆಯ ಮೇಲಿನ ಕೈಯನ್ನು ಅಜ್ಜಿ ನಿಧಾನವಾಗಿ ಇಳಿಸಿದರು.

"ಕೊಡೋ ಇಲ್ಲಿ, ಒತ್ತಿ ತಿರುಗಿಸ್ಬೇಕಂತೆ," ಎಂದರು. ರಸ್ತೆಯ ಕಡೆ ನೋಡದೆ, "ಹೊರಡು ಮತ್ತೆ. ಗಾಡಿಯೋನು ಕಾಯ್ತಾವ್ನೆ," ಎಂದರು.

ಟ್ಯಾಕ್ಸಿಯಲ್ಲೂ ದೊಡ್ಡಮ್ಮ ಚೀಲವನ್ನು ತೊಡೆಯ ಮೇಲೆಯೇ ಇಟ್ಟುಕೊಂಡಿದ್ದಳು. ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ನಾನು ಕೇಳಿದೆ. "ನೀನು ನಿಜವಾಗ್ಲೂ ಅದನ್ನೆಲ್ಲ ನಂಬ್ತೀಯಾ ದೊಡ್ಡಮ್ಮ?"

"ನಂಬ್ದೇ ಇದ್ದಿದ್ರೆ ಅಲ್ಲಿ ಕೂತಿರೋಕೆ ಆಗ್ತಿತ್ತಾ? ಒಳಗೆ ಹೋಗ್ಬಿಡ್ತಿದ್ದೆ," ಎಂದಳು.

ವಿಮಾನದಲ್ಲಿ ಕಿಟಕಿಯ ಸೀಟು ಕೊಟ್ಟೆ. ಅವಳು ಮೋಡವನ್ನು ಸ್ವಲ್ಪ ಹೊತ್ತು ನೋಡಿ, ರಾಗಿ ಹಿಟ್ಟು ಜರಡಿ ಹಿಡಿದಾಗ ಹೀಗೇ ಏಳುತ್ತೆ ಎಂದು ಕಣ್ಣು ಮುಚ್ಚಿದಳು. ಅಷ್ಟರಲ್ಲಿ ಯಾರೋ ನೀರು ಕೇಳಲು ತಲೆಯ ಮೇಲಿನ ಗುಂಡಿ ಒತ್ತಿದರು. ಟಿಂಗ್ ಎಂದಿತು. ದೊಡ್ಡಮ್ಮ ಬೆಲ್ಟಿನ ಸಮೇತ ಎದ್ದುನಿಲ್ಲಲು ಹೋದಳು. "ಬಂದೆ," ಎಂದಳು. ಆಮೇಲೆ ನನ್ನ ಮುಖ ನೋಡಿ ಕೂತಳು. ದಾರಿಯುದ್ದಕ್ಕೂ ಹೀಗೇ ಆಯಿತು. ಕೊಚ್ಚಿ ಬರುವ ಹೊತ್ತಿಗೆ ಅವಳು ನಿದ್ದೆಯ ಆಸೆಯನ್ನೇ ಬಿಟ್ಟು, ಮುಂದಿನ ಸೀಟಿನ ಬೆನ್ನು ನೋಡುತ್ತಾ ಕೂತಿದ್ದಳು.

ಹೋಟೆಲು ಹಿನ್ನೀರಿನ ದಂಡೆಯಲ್ಲಿತ್ತು. ಕಿಟಕಿಯಿಂದ ಬಂದರಿನ ಕ್ರೇನುಗಳು, ಅವುಗಳ ಆಚೆ ಬೂದು ಬಣ್ಣದ ಒಂದು ಪಟ್ಟಿ ನೀರು ಕಾಣುತ್ತಿತ್ತು. "ಅದೇ ಸಮುದ್ರಾನಾ?" ಎಂದಳು. ಹೌದೆಂದೆ. ಸರಿ ಎಂದಳು. ಹಾಸಿದ ಹಾಸಿಗೆಯನ್ನು ಕೊಡವಿ ಮತ್ತೆ ಹಾಸಿದಳು. ಕಾಫಿ ಕುಡಿದ ಕಪ್ಪುಗಳನ್ನು ತೊಳೆದಳು. ಉಟ್ಟು ಬಂದ ಸೀರೆಯನ್ನು ಒಗೆದು ಬಚ್ಚಲಲ್ಲಿ ಹರವಿದಳು. ಮಾಡಲು ಇನ್ನೇನೂ ಸಿಗದೆ ಮಂಚದ ಅಂಚಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಕೂರುವವರ ಹಾಗೆ, ಚೀಲ ಪಕ್ಕದಲ್ಲಿಟ್ಟುಕೊಂಡು ಕೂತಳು.

"ಬಾ ದೊಡ್ಡಮ್ಮ, ದಂಡೆ ಮೇಲೆ ಒಂದು ಸುತ್ತು ಹೋಗಿ ಬರೋಣ."

"ನೀನು ಹೋಗಿ ಬಾ. ನಾಳೆ ಹೆಂಗೂ ಅದರ ಮೇಲೇ ಇರ್ತೀವಲ್ಲ."

ತನ್ನ ಫೋನನ್ನು ಕೈಯಲ್ಲಿ ಹಿಡಿದು ನೋಡಿದಳು. ಮಧ್ಯಾಹ್ನದಿಂದ ಅದು ಒಮ್ಮೆಯೂ ರಿಂಗಾಗಿರಲಿಲ್ಲ. ಅದನ್ನು ನನ್ನ ಕಡೆ ಚಾಚಿದಳು. "ಇದನ್ನ ನೀನೇ ಇಟ್ಕೋ," ಎಂದಳು. ಸ್ವಲ್ಪ ತಡೆದು, "ಬಂದ್ರೆ ಎತ್ತು. ಎತ್ತದೇ ಇರ್ಬೇಡ," ಎಂದಳು.

ದಂಡೆಯಲ್ಲಿ ಮೀನಿನ ದೋಣಿಗಳು ತಿರುಗಿ ಬರುತ್ತಿದ್ದವು. ದೂರದಲ್ಲಿ ಒಂದು ದೊಡ್ಡ ಬಿಳಿ ಹಡಗಿನ ದೀಪಗಳು ಹತ್ತತೊಡಗಿದ್ದವು. ನಮ್ಮದೋ ಬೇರೆಯದೋ ಗೊತ್ತಾಗಲಿಲ್ಲ. ನಾನು ಕಲ್ಲಿನ ಮೇಲೆ ಕೂತಿದ್ದೆ. ದೊಡ್ಡಮ್ಮನ ಫೋನು ರಿಂಗಾಯಿತು. ಅಕ್ಕಯ್ಯಮ್ಮಜ್ಜಿ.

"ಚನ್ನಿ ಎಲ್ಲಿ?"

"ರೂಮಲ್ಲಿದಾಳೆ ಅಜ್ಜಿ. ಮಲಗಿರ್ಬೇಕು. ನೀವು ಹೆಂಗಿದೀರ?"

"ದೀಪ ಹಚ್ಚೋ ಹೊತ್ತಲ್ಲಿ ಮಲಗೋದಾ?"

ಆ ಕಡೆ ಪಾತ್ರೆಯೊಂದು ಬಿದ್ದು ಉರುಳುವ ಸದ್ದು, ದೊಡ್ಡಪ್ಪ ಏನೋ ಗೊಣಗುವ ಸದ್ದು. ಅಜ್ಜಿ ಉಸಿರಾಡುವುದು ಕೇಳುತ್ತಿತ್ತು.

"ಎಬ್ಬಿಸ್ಲಾ ಅಜ್ಜಿ? ಹತ್ರದಲ್ಲೇ ಇದೀನಿ."

ಫೋನು ಕಡಿದುಹೋಯಿತೇನೋ ಎಂದು ಕಿವಿಯಿಂದ ತೆಗೆದು ನೋಡಿದೆ.

"ಏನಿಲ್ಲ," ಎಂದರು ಕೊನೆಗೆ. "ಇವನು ಉಪ್ಪಿಟ್ಟಿಗೆ ಉಪ್ಪೇ ಹಾಕಿಲ್ಲ. ಅದನ್ನ ಹೇಳೋಣ ಅಂತ ಮಾಡ್ದೆ." ಮತ್ತೆ ಉಸಿರು. "ರಾತ್ರಿ ಆ ಬಸವರಾಜೇಶ್ವರಿ ಬಂದು ಮಲಗ್ತಾಳಂತೆ. ಚನ್ನಿ ಮಲಗ್ಲಿ ಬಿಡು. ಎಬ್ಬಿಸ್ಬೇಡ."

ನಾನು ರೂಮಿಗೆ ತಿರುಗಿ ಬಂದೆ. ಬಾಗಿಲು ತೆರೆಯುವಾಗ ಬೀಗ ಕಿರ್ ಎಂದಿತು. ದೊಡ್ಡಮ್ಮ ಏಳಲಿಲ್ಲ. ಕಾಲು ಚಾಚಿ, ಬಾಯಿ ಸ್ವಲ್ಪ ತೆರೆದು, ಗೋಡೆಯ ಕಡೆ ತಿರುಗಿ ಮಲಗಿದ್ದಳು. ತಲೆಯ ಮೇಲೆ ದೊಡ್ಡ ದೀಪ ಉರಿಯುತ್ತಿತ್ತು. ಸ್ವಿಚ್ಚಿನ ಸದ್ದು ಹೇಗಿರುತ್ತದೋ ಗೊತ್ತಿರಲಿಲ್ಲ. ಅದನ್ನು ಮುಟ್ಟಲು ಹೋಗದೆ, ಚಪ್ಪಲಿ ಕೈಯಲ್ಲಿ ಹಿಡಿದು, ನನ್ನ ಮಂಚದ ಕಡೆ ನಡೆದೆ.