ಕರಿ ಕುರಿಯ ಸಣ್ಣ ಮರಿ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಗುತ್ತಿದ್ದವನು ನಾನು. ಗಂಗಾವತಿಯಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸುವವನಿಗೆ ಆ ನಗು ನೌಕರಿಯ ಜೊತೆಗೇ ಬಂದಿರುತ್ತದೆ. ಈಗ ನೀವು ನಕ್ಕರೆ ನನಗೆ ಬೇಸರವಿಲ್ಲ.

ಕುಷ್ಟಗಿ ಕಡೆ ಕುರಿ ಸಾಕಿಕೊಂಡಿದ್ದ ನನ್ನ ಅಕ್ಕ ಕೆಲವೇ ವಾರಗಳಲ್ಲಿ ಎಲ್ಲವನ್ನೂ ಮರೆಯತೊಡಗಿದಳು. ಕೈಕಾಲು ತಾವಾಗಿಯೇ ಬೆಚ್ಚಿ ಅದುರುತ್ತಿದ್ದವು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ನನ್ನನ್ನು ನೋಡಿ, "ಯಾರ್ರಿ ನೀವು? ಕುಂದರ್ರಿ" ಎಂದಳು. ಎತ್ತಿ ಆಡಿಸಿದವಳ ಬಾಯಲ್ಲಿ ಆ ಬಹುವಚನ ಕೇಳಿ ಎದೆ ಒಡೆದಂತಾಯಿತು.

ವೈದ್ಯರಿಗೆ ಪ್ರಿಯಾನ್ ರೋಗದ ಶಂಕೆ. ಮಿದುಳಿನ ಒಂದು ಪ್ರೋಟೀನು ತಪ್ಪಾಗಿ ಮಡಚಿಕೊಂಡು, ಪಕ್ಕದ ಸರಿಯಾದವುಗಳನ್ನೂ ತನ್ನಂತೆಯೇ ಕೆಡಿಸುತ್ತ ಹೋಗುತ್ತದೆ, ಹಾಲಿಗೆ ಹೆಪ್ಪು ಬಿದ್ದ ಹಾಗೆ. ಮಿದುಳು ತೂತುತೂತಾಗುತ್ತದೆ, ಔಷಧವಿಲ್ಲ. ಕುರಿಗಳಿಗೂ ಇಂಥದೊಂದು ರೋಗ ಬರುತ್ತದೆಂದು ಓದಿದ್ದೆ. ಅಕ್ಕನ ಮನೆಯಲ್ಲಿ ಕುರಿ ಕೊಯ್ದರೆ ಅದರ ಮಿದುಳು, ಭೇಜಾ, ಯಾವಾಗಲೂ ಅವಳ ಪಾಲು. ಅದರಿಂದಲೇ ಬಂತೇ ಎಂದು ಹೆದರಿ ಕೇಳಿದೆ.

"ಕುರಿದು ಮನುಷ್ಯಾರಿಗೆ ಬಂದದ್ದಕ್ಕ ಪುರಾವೆ ಇಲ್ರಿ. ಬೆನ್ನಿನ ನೀರು ತಗದು ಪರೀಕ್ಷೆಕ್ಕ ಕಳಿಸೇವಿ, ತಡೀರಿ" ಎಂದರು ವೈದ್ಯರು.

ಮರುದಿನ ಮಧ್ಯಾಹ್ನ, ಬೆಳಗಿನಿಂದ ಮಾತಿಲ್ಲದೆ ಮಲಗಿದ್ದ ಅಕ್ಕ ಕಣ್ಣು ಮುಚ್ಚಿಕೊಂಡೇ ಸ್ಪಷ್ಟವಾಗಿ ಹೇಳಿದಳು: "ಕರಿ ಕುರಿ ಎರಡು ಮರಿ ಹಾಕೇತಿ. ಸಣ್ಣದಕ್ಕ ಹಾಲು ಕುಡಿಸವಲ್ದು. ಉಪ್ಪು ಸವರ್ರಿ ಅದಕ್ಕ."

ತಾಯಿ ಒಲ್ಲೆನೆಂದ ಮರಿಯ ಮೈಗೆ ಕುರಿಗಾರರು ಉಪ್ಪು ಸವರುತ್ತಾರೆ. ರುಚಿಗೆ ನೆಕ್ಕುತ್ತ ನೆಕ್ಕುತ್ತ ತಾಯಿ ಅದನ್ನು ಒಪ್ಪಿಕೊಳ್ಳುತ್ತದೆ. ರೋಗದ ಕನವರಿಕೆ ಇರಬೇಕೆಂದುಕೊಂಡೆ. ಅಷ್ಟರಲ್ಲಿ ಊರಲ್ಲಿ ಕುರಿ ಕಾಯುತ್ತ ಉಳಿದಿದ್ದ ಮಾವ, ಅವಳ ಗಂಡ, ಫೋನು ಮಾಡಿದರು.

"ತಮ್ಮಾ, ಕರಿ ಕುರಿ ಈಗ ಈದೇತಿ. ಎರಡು ಮರಿ. ಸಣ್ಣದನ್ನ ಒದ್ದು ದೂಡತಿತ್ತು, ಉಪ್ಪು ಸವರೀನಿ. ನಿಮ್ಮಕ್ಕಗ ಹೇಳು, ತಿಳದ್ರ ತಿಳೀಲಿ."

ಕುರಿ ಗಬ್ಬವಾಗಿದ್ದದ್ದು ಅಕ್ಕನಿಗೆ ಗೊತ್ತಿತ್ತು, ನಿಜ. ಆದರೆ ಎರಡು ಮರಿ, ಅದರಲ್ಲಿ ಸಣ್ಣದನ್ನೇ ಒಲ್ಲೆನೆಂದದ್ದು?

ಕೊನೆಗೆ ವರದಿ ಬಂತು. ಪ್ರಿಯಾನ್ ಅಲ್ಲ; ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ ಮಿದುಳಿನ ಮೇಲೆ ಬಿದ್ದಿತ್ತು. ಅದಕ್ಕೆ ಮದ್ದಿದೆ ಎಂದರು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ನಾಚಿಕೆ ಬಿಟ್ಟು ಅತ್ತೆ.

ಅಕ್ಕ ನಿಧಾನವಾಗಿ ಮೊದಲಿನಂತಾದಳು. ಒಮ್ಮೆ ಊರಿಗೆ ಹೋದಾಗ ಕೇಳಿಯೇ ಬಿಟ್ಟೆ. ಅವಳಿಗೆ ಏನೂ ನೆನಪಿಲ್ಲ.

"ಸಾಲಿ ಕಲಿಸೋ ಮಾಸ್ತರ ನೀನು! ಹುಬ್ಬಳ್ಳ್ಯಾಗ ಬಿದ್ದಾಕಿಗೆ ದೊಡ್ಡ್ಯಾಗಿನ ಕುರಿ ಕಾಣ್ತಾವೇನೋ, ಹುಚ್ಚಾ?" ಎಂದು ನಕ್ಕಳು.

'ಯಾರ್ರಿ ನೀವು' ಎಂದಿದ್ದ ಬಾಯಲ್ಲೇ ಹುಚ್ಚ ಎನಿಸಿಕೊಂಡು ಜೀವ ಅಷ್ಟು ಹಗುರಾದದ್ದು ಅದೇ ಮೊದಲು.