ಅಕ್ಕನ ಕೋಣೆಗೊಂದು ಹೀಟರ್

ಟೇಪಣ್ಣನಿಗೂ ಹೆತ್ತವರು ಇಟ್ಟ ಹೆಸರೊಂದು ಇತ್ತು. ಅದು ಬ್ಯಾಂಕಿನವರಿಗೆ ಬಿಟ್ಟರೆ ಇನ್ಯಾರಿಗೂ ಬೇಕಾಗಿರಲಿಲ್ಲ. ಕೆಲಸ ದರ್ಜಿಯದು, ಕೊರಳಲ್ಲಿ ಸದಾ ಅಳತೆಯ ಟೇಪು, ಹಾಗಾಗಿ ಟೇಪಣ್ಣ. ಊಟಕ್ಕೆ ಕೂತರೂ ಅದು ಇಳಿಯುತ್ತಿರಲಿಲ್ಲ. ಯಾಕಪ್ಪಾ ಮದುವೆಯಾಗಲಿಲ್ಲ ಎಂದು ಯಾರಾದರೂ ಕೇಳಿದರೆ, "ಆರ್ಡರ್ ಜಾಸ್ತಿ ಇತ್ತು, ಪುರುಸೊತ್ತಾಗಲಿಲ್ಲ" ಎನ್ನುತ್ತಿದ್ದ. ಕೇಳಿದವರು ನಗುತ್ತಿದ್ದರು, ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಅವನನ್ನು ಸಾಕಿದವಳು ಅಕ್ಕ. ತಾಯಿ ತೀರಿಕೊಂಡಾಗ ಇವನಿನ್ನೂ ಚಡ್ಡಿ ಹಾಕುವ ಹುಡುಗ. ಸೂಜಿಗೆ ದಾರ ಪೋಣಿಸುವುದರಿಂದ ಹಿಡಿದು ಕೋಟಿಗೆ ಕಾಲರ್ ಕೂರಿಸುವ ತನಕ ಎಲ್ಲವನ್ನೂ ಕಲಿಸಿದ್ದು ಅವಳೇ. ಕಲಿಸುವಾಗ ಕೈಯಲ್ಲಿ ಸ್ಕೇಲು ಇರುತ್ತಿತ್ತು, ಅದರಿಂದ ಬಟ್ಟೆಯನ್ನಷ್ಟೇ ಅಳೆಯುತ್ತಿರಲಿಲ್ಲ. ಬಟ್ಟೆ ನೆಲಕ್ಕೆ ತಾಗಿದರೆ ಬೆರಳಿನ ಗೆಣ್ಣಿಗೆ ಏಟು ಖಾತ್ರಿ. ಗಿರಾಕಿಯ ಬಟ್ಟೆ ನೆಲಕ್ಕೆ ಬೀಳಬಾರದು, ಬೇರೆ ಎಲ್ಲಿ ಬೇಕಾದರೂ ಇರಲಿ! ಹೀಗಾಗಿ ಆ ಮನೆಯಲ್ಲಿ ಕುರ್ಚಿಯ ಬೆನ್ನು, ಮಂಚದ ಕಟ್ಟು, ಬಾಗಿಲ ಚಿಲಕ, ಸೊಂಟದೆತ್ತರಕ್ಕೆ ಏನೇ ಸಿಕ್ಕಿದರೂ ಅದರ ಮೇಲೊಂದು ಬಟ್ಟೆ ಇದ್ದೇ ಇರುತ್ತಿತ್ತು.

ಗಂಡ ಹೋದ ಮೇಲೆ ಅಕ್ಕ ತಮ್ಮನ ಜೊತೆಗೇ ಬಂದು ಉಳಿದಳು. ಆಮೇಲೆ ಅವಳಿಗೆ ಪಾರ್ಶ್ವವಾಯು ಬಡಿದು ಎಡಭಾಗ ಸ್ವಾಧೀನ ತಪ್ಪಿತು. ಅಲುಗಾಡದ ಮೈಗೆ ಚಳಿ ಹೆಚ್ಚು. ಹಳೆಯ ಕಾಯಿಲ್ ಹೀಟರ್ ಒಂದನ್ನು ಮಂಚದ ಪಕ್ಕ ಇಟ್ಟಿದ್ದ ಟೇಪಣ್ಣ. ಒಂದು ಸಂಜೆ ಕಂಬಳಿಯ ಅಂಚು ಜಾರಿ ಆ ಕೆಂಪು ಕಂಬಿಗೆ ತಗುಲಿ ಸುಟ್ಟಿತು. ಟೇಪಣ್ಣ ಅಲ್ಲೇ ಇದ್ದ, ನೀರು ಸುರಿದ. ಆದರೆ ಸುದ್ದಿ ಅಕ್ಕನ ಮಗಳಿಗೆ ಮುಟ್ಟಿತು.

ಅವಳನ್ನು ಇವರಿಬ್ಬರೂ ಪುಟ್ಟಿ ಎನ್ನುತ್ತಿದ್ದರು. ಎರಡು ಮಕ್ಕಳ ತಾಯಿ, ದೂರದ ಊರಿನ ಶಾಲೆಯಲ್ಲಿ ಟೀಚರ್, ಆದರೂ ಪುಟ್ಟಿಯೇ. ಬಸ್ಸಿಳಿದು ಬಂದವಳು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು. "ಮಾವ, ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಆದ್ರೆ ನಾನು ಅಲ್ಲಿಂದಲೇ ನೋಡೋಕೆ, ಆಫ್ ಮಾಡೋಕೆ ಬರೋಂಥ ಹೀಟರ್ ತನ್ನಿ. ಇನ್ನೊಂದು ಸಲ ಹೀಗಾದ್ರೆ ಅಮ್ಮನ್ನ ನಾನು ಕರ್ಕೊಂಡು ಹೋಗಿಬಿಡ್ತೀನಿ. ಆಮೇಲೆ ಬೇಜಾರು ಮಾಡ್ಕೋಬೇಡಿ."

ಅಕ್ಕ ಇಲ್ಲದ ಆ ಮನೆಯನ್ನು ಟೇಪಣ್ಣ ನೆನೆಸಿಕೊಳ್ಳಲೂ ಆರ. ಬೆಳಿಗ್ಗೆ ಎದ್ದರೆ ಬೈಯುವವರು ಬೇಡವೇ?

ಎಲೆಕ್ಟ್ರಿಕ್ ಸಾಮಾನಿನ ಅಂಗಡಿಗೆ ಟೇಪು ಸಮೇತ ಹೋದ. ಮಾರಾಟದ ಹೆಂಗಸು ಒಂದೊಂದನ್ನೇ ತೋರಿಸುತ್ತ ಹೋದಳು, ಇವನು ಒಂದೊಂದನ್ನೇ ಅಳೆಯುತ್ತ ಹೋದ. ಫ್ಯಾನ್ ಹೀಟರ್ ಚಿಕ್ಕದು, ಆದರೆ ಅದರ ಸದ್ದಿಗೆ ಅಕ್ಕ ನಿದ್ದೆಗೆಡುತ್ತಾಳೆ. ಎಣ್ಣೆ ತುಂಬಿದ ರೇಡಿಯೇಟರ್ ಗಟ್ಟಿಮುಟ್ಟು, ಆದರೆ ಅಡ್ಡಗಲ ಜಾಸ್ತಿ. ಅದನ್ನಿಟ್ಟರೆ ಮಂಚದ ಪಕ್ಕ ಅಕ್ಕನ ಕುರ್ಚಿಗೆ ಜಾಗ ಇರುವುದಿಲ್ಲ.

"ಮಗು ಇದೆಯಾ ಮನೇಲಿ?" ಎಂದು ಹೆಂಗಸು ಕೇಳಿದಳು.

"ಅಕ್ಕ ಇದಾಳೆ. ಎದ್ದು ಓಡಾಡೋಕಾಗಲ್ಲ. ಉರುಳಿದ್ರೆ ತಾನೇ ಆರಬೇಕು, ಕಾದ್ರೆ ತಾನೇ ನಿಲ್ಲಬೇಕು, ಫೋನಲ್ಲಿ ಕಾಣಬೇಕು. ಇಷ್ಟೂ ಇರೋದು ಕೊಡಿ. ಬಣ್ಣ ಗಿಣ್ಣ ಯಾವುದಾದ್ರೂ ನಡೆಯುತ್ತೆ."

ಅವಳು ಗೋಡೆಗೆ ಒರಗಿ ನಿಂತಿದ್ದ ಬಿಳಿ ಪ್ಯಾನೆಲ್ ಹೀಟರ್ ತೋರಿಸಿದಳು. ತೆಳ್ಳಗೆ, ನೆಟ್ಟಗೆ, ಸೊಂಟದೆತ್ತರ. ಬಿಸಿಗಾಳಿ ಮೇಲಿನ ಸೀಳುಗಳಿಂದ ಬರುತ್ತದೆ. ಕೋಣೆ ಎಷ್ಟು ತಣ್ಣಗಿದೆ ಎಂಬುದು ಫೋನಿನಲ್ಲಿ ಕಾಣುತ್ತದೆ, ಎಲ್ಲಿಂದ ಬೇಕಾದರೂ ಹಚ್ಚಬಹುದು, ಆರಿಸಬಹುದು. "ಮೇಲೆ ಮಾತ್ರ ಏನೂ ಹಾಕಬಾರದು ನೋಡಿ. ಟವೆಲ್ಲು, ಬಟ್ಟೆ, ಏನೂ."

"ಅಯ್ಯೋ, ಬಟ್ಟೆಯ ಬೆಲೆ ನನಗೆ ಹೇಳ್ಕೊಡ್ತೀರಾ?" ಎಂದು ನಕ್ಕ ಟೇಪಣ್ಣ. ಅದನ್ನೇ ಕಟ್ಟಿಸಿಕೊಂಡು ಬಂದ. ಆ್ಯಪ್ ಪುಟ್ಟಿಯ ಫೋನಿಗೂ ಸೇರಿತು, ಇವನ ಫೋನಿಗೂ ಸೇರಿತು. ಅಕ್ಕನ ಹಳೆಯ ಒತ್ತುಗುಂಡಿ ಫೋನಿಗೆ ಸೇರಲಿಲ್ಲ, ಅವಳನ್ನು ಯಾರೂ ಕೇಳಲೂ ಇಲ್ಲ.

ಶುರುವಿನಲ್ಲಿ ಎಲ್ಲ ಸೊಗಸಾಗಿಯೇ ನಡೆಯಿತು. ತನ್ನ ಹೊಲಿಗೆ ಅಂಗಡಿಯಲ್ಲಿ ಕೂತು ಅಕ್ಕನ ಕೋಣೆಗೆ ಬಿಸಿ ಕಳಿಸುವುದೆಂದರೆ ಟೇಪಣ್ಣನಿಗೆ ಎಲ್ಲಿಲ್ಲದ ಹಿಗ್ಗು. ಬಂದ ಗಿರಾಕಿಗಳಿಗೆಲ್ಲ ಫೋನು ತೋರಿಸುತ್ತಿದ್ದ. "ಇಲ್ಲಿ ಬೆರಳಿಟ್ರೆ ಅಲ್ಲಿ ಅಕ್ಕನ ಕಾಲು ಬೆಚ್ಚಗಾಗುತ್ತೆ, ಗೊತ್ತಾ?"

ಆ ದಿನ ಬೆಳಿಗ್ಗೆ ಬಿಸಿಲು ಚೆನ್ನಾಗಿತ್ತು, ಹೀಟರ್ ಹಚ್ಚಿರಲಿಲ್ಲ. ಒಬ್ಬ ಗಿರಾಕಿಯ ಉಣ್ಣೆ ಕೋಟಿಗೆ ಅಕ್ಕನ ಪಕ್ಕ ಕೂತು ಕೈಹೊಲಿಗೆ ಹಾಕುತ್ತಿದ್ದ. ಅವಳನ್ನು ಮಂಚದಿಂದ ಎತ್ತಿ ಕುರ್ಚಿಗೆ ಕೂರಿಸಬೇಕಾಯಿತು. ಅದಕ್ಕೆ ಎರಡೂ ಕೈ ಬೇಕು. ಕೂರಿಸಿದ, ಕಾಲಿಗೆ ಕಂಬಳಿ ಸುತ್ತಿದ, ಹೊತ್ತಾಯಿತೆಂದು ಹೊರಗಿನಿಂದ ಬೀಗ ಹಾಕಿಕೊಂಡು ಅಂಗಡಿಗೆ ಹೊರಟ. ಇನ್ನೊಂದು ಬೀಗದ ಕೈಯನ್ನು ಪಕ್ಕದ ಮನೆಯಲ್ಲಿ ಕೊಟ್ಟಿಡಿ ಎಂದು ಪುಟ್ಟಿ ಹತ್ತು ಸಲ ಹೇಳಿದ್ದಳು. ನಮ್ಮ ಅಕ್ಕನನ್ನು ನೋಡಿಕೊಳ್ಳಲು ಊರಿನವರು ಬೇಕೇ ಎಂದು ಇವನು ಕೊಟ್ಟಿರಲಿಲ್ಲ. ಜಂಬ!

ಮಧ್ಯಾಹ್ನ ಮೋಡ ಕವಿಯಿತು. ಫೋನಿನಲ್ಲಿ ಕೋಣೆಯ ಬಿಸಿ ಇಳಿದಿತ್ತು. ಟೇಪಣ್ಣ ಬೆರಳಿಟ್ಟ, ಹೀಟರ್ ಹತ್ತಿತು. ಆಮೇಲೆ ಒಬ್ಬರ ಪ್ಯಾಂಟಿನ ಅಳತೆ ತೆಗೆದ, ಇನ್ನೊಬ್ಬರ ಜೊತೆ ತೋಳಿನ ಉದ್ದದ ಬಗ್ಗೆ ವಾದ ಮಾಡಿದ. ಅಷ್ಟರಲ್ಲಿ ಕೋಟಿನ ಗಿರಾಕಿ ಬಂದು ನಿಂತ.

"ನನ್ನ ಕೋಟು ಆಯ್ತಾ?"

"ಆಗದೇ ಏನು ಸ್ವಾಮಿ, ಆವಾಗಲೇ..." ಟೇಪಣ್ಣ ಹ್ಯಾಂಗರಿನ ಕಡೆ ತಿರುಗಿದ. ಕೋಟು ಅಲ್ಲಿರಲಿಲ್ಲ. ಅದು ಎಲ್ಲಿದೆ ಎಂಬುದು ಅವನಿಗೆ ಆ ಕ್ಷಣಕ್ಕೆ ಹೊಳೆಯಿತು. ಅಕ್ಕನನ್ನು ಎತ್ತುವ ಮುಂಚೆ ಅವನ ಕೈ ತನ್ನಷ್ಟಕ್ಕೆ ಅದನ್ನು ಎಲ್ಲಿ ಹಾಕಿತ್ತು ಎಂಬುದು ಕಣ್ಣಿಗೆ ಕಟ್ಟಿತು.

ಫೋನು ತೆಗೆದ. ತೆರೆಯ ಮೇಲೆ ಕೆಂಪಕ್ಷರ: ಅತಿಯಾದ ಬಿಸಿ, ಹೀಟರ್ ನಿಂತಿದೆ. ಹೀಟರೇನೋ ನಿಂತಿದೆ, ಕೋಟಿಗೆ ಬೆಂಕಿ ಹತ್ತಿದ್ದರೆ ಅದು ನಿಲ್ಲುತ್ತದೆಯೇ? ಅಕ್ಕನಿಗೆ ಫೋನು ಮಾಡಿದ. ಬಡಿದುಕೊಂಡಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದ, ಎತ್ತಲಿಲ್ಲ. ಅಂಗಡಿಯನ್ನು ಗಿರಾಕಿಯ ಮೇಲೇ ಬಿಟ್ಟು ಓಡಿದ.

ಓಡುವ ವಯಸ್ಸಲ್ಲ ಅವನದು. ಸಂತೆಯಂತೆ ಜನ ತುಂಬಿದ ಬೀದಿಯಲ್ಲಿ "ದಾರಿ ಬಿಡ್ರಪ್ಪಾ, ದಾರಿ!" ಎಂದು ಕೂಗುತ್ತ, ಸೈಕಲ್ಲೊಂದಕ್ಕೆ ಡಿಕ್ಕಿ ಹೊಡೆದು, ಬೈಗುಳ ತಿಂದು ಓಡಿದ. ತಿರುವಿನಲ್ಲಿ ತಲೆಯೆತ್ತಿ ನೋಡಿದ, ಹೊಗೆ ಕಾಣಿಸಲಿಲ್ಲ. ಕಿಟಕಿ ಮುಚ್ಚಿದ್ದರೆ ಹೊಗೆ ಎಲ್ಲಿಂದ ಕಾಣಬೇಕು? ದೇವರೇ, ಅಕ್ಕನಿಗೆ ಒಂದು ಕೈ ಒಂದು ಕಾಲು, ಬಾಗಿಲಿಗೆ ಬೀಗ. ಮನೆ ಮುಟ್ಟಿದರೆ ಬೀಗದ ಕೈ ರಂಧ್ರಕ್ಕೆ ಹೋಗಲೊಲ್ಲದು.

ಬಾಗಿಲು ತೆರೆದಾಗ ಸುಟ್ಟ ಉಣ್ಣೆಯ ನಾತ ಮುಖಕ್ಕೆ ರಾಚಿತು. ಕೋಣೆಯಲ್ಲಿ ತೆಳ್ಳಗೆ ಹೊಗೆ. ಕೋಟು ಹೀಟರಿನ ಮೇಲೇ ಇತ್ತು. ಒಳಗಿನ ಅಸ್ತರು ಕರಗಿ ಕಪ್ಪಗಾಗಿತ್ತು, ಬೆಂಕಿ ಇರಲಿಲ್ಲ. ಅಕ್ಕ ಕುರ್ಚಿಯಲ್ಲಿ ಹಾಗೆಯೇ ಕೂತಿದ್ದಳು. ಅವಳ ಫೋನು ಕೈಗೆಟುಕದಷ್ಟು ದೂರ ನೆಲದ ಮೇಲೆ ಬಿದ್ದಿತ್ತು.

ಕೋಟನ್ನು ಎಳೆದು ಬಚ್ಚಲಿನ ಬಕೆಟ್ಟಿಗೆ ಹಾಕಿದ, ಕಿಟಕಿ ತೆರೆದ. ಹೋದ ಜೀವ ಬಂದಂತಾಗಿ ನಗು ಬಂತು. "ಏನೂ ಆಗಿಲ್ಲ ಅಕ್ಕಾ! ನೋಡು, ತಾನಾಗೇ ಆರಿದೆ. ನಾನು ಹುಡುಕಿ ತಂದಿದ್ದು ಸುಮ್ನೇನಾ? ಒಳ್ಳೇ ಹೀಟರ್ ಇದು."

ಅಷ್ಟರಲ್ಲಿ ಇವನ ಫೋನು ಬಡಿದುಕೊಂಡಿತು. ಪುಟ್ಟಿ. ಕೆಂಪಕ್ಷರ ಅವಳಿಗೂ ಹೋಗಿತ್ತು.

"ಮಾವ, ಏನಾಯ್ತು ಅಲ್ಲಿ? ನಾನು ಈಗಷ್ಟೇ ಕ್ಲಾಸ್ ಮುಗಿಸಿ ನೋಡಿದೆ."

"ಏನಿಲ್ಲಮ್ಮಾ. ಮಷಿನ್ ಅಲ್ವಾ, ಬಿಸಿ ಜಾಸ್ತಿಯಾಗಿ ನಿಂತಿದೆ ಅಷ್ಟೇ. ನಾನು ಇಲ್ಲೇ ಇದೀನಿ."

"ಅಮ್ಮಂಗೆ ಕೊಡಿ."

ಕೊಡುವ ಮೊದಲು ಟೇಪಣ್ಣ ಅಕ್ಕನಿಗೆ ಕೈ ಮುಗಿದ. ಅವಳು ಅವನನ್ನು ನೋಡಿದಳು, ಫೋನು ಕಿವಿಗಿಟ್ಟುಕೊಂಡಳು. "ಹೂಂ ಕಣೇ. ಚೆನ್ನಾಗಿದೀನಿ. ನೀನು ಊಟ ಮಾಡಿದ್ಯಾ?" ಎಂದಳು. ಅಷ್ಟಕ್ಕೇ ಪುಟ್ಟಿ ಸಮಾಧಾನಗೊಂಡು ಇಟ್ಟಳು.

ಗೆದ್ದೆ ಎನಿಸಿತು ಟೇಪಣ್ಣನಿಗೆ. ಫೋನು ತೆಗೆದುಕೊಳ್ಳಲು ಹೋದಾಗ ಅಕ್ಕನ ಬಲಗೈ ಅವನ ಕೈಗೆ ತಗುಲಿತು. ಅದು ಗಡಗಡ ನಡುಗುತ್ತಿತ್ತು.

"ಚಳೀನಾ ಅಕ್ಕ? ಇರು, ಕಿಟಕಿ ಹಾಕ್ತೀನಿ."

"ಚಳಿ ಅಲ್ಲ ಕಣೋ." ಅವಳ ದನಿ ಎಷ್ಟು ಸಣ್ಣಗಿತ್ತೆಂದರೆ ಅವನು ಬಗ್ಗಿ ಕೇಳಬೇಕಾಯಿತು. "ಹೊಗೆ ಬರೋಕೆ ಶುರುವಾಯ್ತು. ಫೋನ್ ತಗೊಳ್ಳೋಕೆ ಹೋದೆ, ಬಿದ್ದುಹೋಯ್ತು. ನಿನ್ನ ಹೆಸರು ಹಿಡಿದು ಕೂಗಿದೆ. ಪಕ್ಕದ ಮನೆಯವರು ಬಂದು ಬಾಗಿಲು ಬಡಿದ್ರು, ಬೀಗ ನೋಡಿ ನಿನ್ನ ಹುಡುಕ್ಕೊಂಡು ಹೋದ್ರು. ಕೂತ್ಕೊಂಡು ಅದನ್ನೇ ನೋಡ್ತಾ ಇದ್ದೆ. ತುಂಬಾ ಹೆದರ್ಕೊಂಡೆ ಕಣೋ."

ಅಕ್ಕನ ಬಾಯಲ್ಲಿ ಆ ಮಾತನ್ನು ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ತಾಯಿ ಸತ್ತಾಗ ಕೇಳಿರಲಿಲ್ಲ, ಭಾವ ಸತ್ತಾಗ ಕೇಳಿರಲಿಲ್ಲ. ಅವನು ಅವಳ ಕಾಲ ಬಳಿ ನೆಲದ ಮೇಲೆ ಕುಸಿದು ಕೂತ. ಹೊಟ್ಟೆಯೊಳಗಿಂದ ಅಳು ಬಂತು, ತಡೆಯಲು ಹೋಗಲಿಲ್ಲ. ಅತ್ತು ಮುಗಿಸಿ, ಮೂಗೊರೆಸಿಕೊಂಡು, ಪುಟ್ಟಿಗೆ ತಾನೇ ಫೋನು ಮಾಡಿದ.

"ಪುಟ್ಟೀ, ಆಗ ಹೇಳಿದ್ದು ಸುಳ್ಳಮ್ಮಾ. ಹೀಟರ್ ಮೇಲೆ ಕೋಟು ಹಾಕಿದ್ದು ನಾನೇ, ಹಚ್ಚಿದ್ದೂ ನಾನೇ. ಅಕ್ಕ ಒಳಗಿದ್ಲು, ಹೊರಗಿಂದ ಬೀಗ. ನೀನು ಬಂದು ಅವಳನ್ನ ಕರ್ಕೊಂಡು ಹೋಗು."

ಆ ಕಡೆಯಿಂದ ಪುಟ್ಟಿ ಏನೋ ಹೇಳಿದಳು. ಹೂಂ, ಹೂಂ ಎಂದು ಫೋನಿಟ್ಟ. ಆಮೇಲೆ ಅಕ್ಕನ ಮುಖ ನೋಡುತ್ತ ಕೂತ. ನಾನೆಲ್ಲೂ ಹೋಗಲ್ಲ, ನಿನಗೆ ತಲೆ ಕೆಟ್ಟಿದ್ಯೇನೋ ಎಂದು ಅವಳು ಗದರುತ್ತಾಳೆ ಎಂದು ಕಾದ.

"ಯಾವಾಗ ಬರ್ತಾಳಂತೆ?" ಎಂದು ಕೇಳಿದಳು ಅಕ್ಕ.